ಒಂದು ಕಡೆ ಡಾಂಬರು, ಒಂದು ಕಡೆ ಜಾರು

ಮಧ್ಯಪ್ರದೇಶದ ಪೀಥಂಪುರದಲ್ಲಿ ನ್ಯಾಟ್ರಾಕ್ಸ್ ಅಂತ ಒಂದು ವಾಹನ ಪರೀಕ್ಷಾ ಕೇಂದ್ರ ಇದೆ. ಇಂದೋರ್‌ನಲ್ಲಿ ಬೆಳಿಗ್ಗೆ ಪೋಹಾ ತಿಂದು ಹೊರಟರೆ ಬಿಸಿಲೇರುವ ಮುಂಚೆ ಗೇಟಿನ ಮುಂದೆ ಇರಬಹುದು. ನಾನು ಬೆಂಗಳೂರಿನಲ್ಲಿ ಕಾರುಗಳ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆಯ ಸಾಫ್ಟ್‌ವೇರ್ ಹೊಂದಿಸುವ ಕೆಲಸದಲ್ಲಿದ್ದೇನೆ. ಅರ್ಧ ಕೆಲಸ ಕಂಪ್ಯೂಟರ್ ಮುಂದೆಯೇ ಮುಗಿಯುತ್ತದೆ. ಉಳಿದರ್ಧಕ್ಕೆ ಟ್ರ್ಯಾಕ್ ಬೇಕೇ ಬೇಕು.

ಈ ಜಾಗದ ಹೆಸರು ಹೇಳಿದರೆ ಎಲ್ಲರೂ ಕೇಳುವುದು ಅಲ್ಲಿನ ಹೈಸ್ಪೀಡ್ ಟ್ರ್ಯಾಕ್ ಬಗ್ಗೆ. 2021ರ ಜೂನ್‌ನಲ್ಲಿ ಅದರ ಉದ್ಘಾಟನೆ ಆದಾಗ ಏಷ್ಯಾದಲ್ಲೇ ಉದ್ದದ್ದು ಅಂತ ಸುದ್ದಿಯಾಗಿತ್ತು. ಸುತ್ತಳತೆ 11.3 ಕಿ.ಮೀ., ಅಗಲ 16 ಮೀಟರ್. ತಿರುವುಗಳಲ್ಲಿ ರಸ್ತೆ ಹೊರಗಡೆಗೆ ಏರುತ್ತಾ ಹೋಗುತ್ತದೆ. ಆ ಓರೆಗೆ ತಕ್ಕ ವೇಗದಲ್ಲಿ ಹೋದರೆ ಕಾರು ಹೊರಗೂ ಜಾರುವುದಿಲ್ಲ, ಒಳಗೂ ಎಳೆಯುವುದಿಲ್ಲ. ಸ್ಟೀರಿಂಗ್ ತಿರುಗಿಸುವ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ಆ ವೇಗ ಗಂಟೆಗೆ 250 ಕಿ.ಮೀ. ನೋಡಲು ನಿಜಕ್ಕೂ ಚೆಂದ. ಆದರೆ ನಾವು ಅಲ್ಲಿಗೆ ಹೋದ ದಿನ ನಮಗೆ ಬೇಕಿದ್ದದ್ದು ಯಾರೂ ಫೋಟೊ ಹಾಕದ, ನೆಟ್ಟಗಿರುವ ಬ್ರೇಕ್ ಟ್ರ್ಯಾಕ್.

ಟೆಸ್ಟ್ ಟ್ರ್ಯಾಕ್ ಅಂದರೆ ಒಳ್ಳೆಯ ರಸ್ತೆ ಅಂತ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಕೆಟ್ಟ ರಸ್ತೆಗಳನ್ನು ಬಿಡಿಸಿ, ಒಂದೊಂದು ಕೆಡುಕನ್ನೂ ಬೇರೆ ಬೇರೆಯಾಗಿ ಕಟ್ಟಿಟ್ಟ ಜಾಗ. ಕುಲುಕಾಟಕ್ಕೆ ಒಂದು, ಏರಿಗೆ ಒಂದು, ಜಾರಿಕೆಗೆ ಒಂದು. ಇವತ್ತು ಎಷ್ಟು ಜಾರುತ್ತದೋ ಮುಂದಿನ ವರ್ಷವೂ ಅಷ್ಟೇ ಜಾರಬೇಕು. ಇಲ್ಲದಿದ್ದರೆ ಸುಧಾರಿಸಿದ್ದು ಕಾರೋ, ರಸ್ತೆಯೋ ಅಂತ ಹೇಳುವುದು ಹೇಗೆ? ಈ ಕೇಂದ್ರ ಇರುವ ಮಾಳ್ವಾ ಸೀಮೆಯ ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಂಥ ನೆಲದಲ್ಲಿ ಅಲುಗದ ರಸ್ತೆ ಕಟ್ಟಲು ಅಡಿಪಾಯಕ್ಕೆ ಎಷ್ಟು ಕಷ್ಟಪಟ್ಟಿರಬೇಕು ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಜಾರುವ ರಸ್ತೆ ಮಾಡುವುದು ಹೀಗೆ. ನುಣುಪಾದ ಟೈಲ್ಸ್ ಹಾಸಿ, ಅದರ ಮೇಲೆ ಒಂದೇ ಸಮನೆ ತೆಳುವಾಗಿ ನೀರು ಹರಿಸುತ್ತಾರೆ. ಇಂಥ ಕಡೆ ಬಸಾಲ್ಟ್ ಟೈಲ್ಸ್ ಬಳಸುವುದು ಜಗತ್ತಿನ ಹಲವು ಟ್ರ್ಯಾಕ್‌ಗಳಲ್ಲಿ ವಾಡಿಕೆ. ಒಣ ಡಾಂಬರಿನಲ್ಲಿ ಟೈರಿನ ಹಿಡಿತ (ಘರ್ಷಣೆಯ ಅಳತೆ) ಸುಮಾರು 0.8 ಇದ್ದರೆ, ಒದ್ದೆ ಬಸಾಲ್ಟ್ ಮೇಲೆ 0.3ರ ಆಸುಪಾಸು. ಗಂಟೆಗೆ 50 ಕಿ.ಮೀ. ವೇಗದ ಕಾರು ಮೊದಲನೆಯದರಲ್ಲಿ ಹನ್ನೆರಡು ಮೀಟರ್ ಚಿಲ್ಲರೆಗೆ ನಿಲ್ಲಬಹುದು. ಎರಡನೆಯದರಲ್ಲಿ ಮೂವತ್ತು ಮೀಟರ್ ದಾಟುತ್ತದೆ.

ಅವತ್ತಿನ ಪರೀಕ್ಷೆ ಇನ್ನೂ ಗಟ್ಟಿ. ಎಡಗಡೆ ಚಕ್ರಗಳು ಒದ್ದೆ ಟೈಲ್ಸ್ ಮೇಲೆ, ಬಲಗಡೆಯವು ಡಾಂಬರಿನ ಮೇಲೆ. ನಮ್ಮವರು ಇದಕ್ಕೆ ಸ್ಪ್ಲಿಟ್ ಮ್ಯೂ ಅನ್ನುತ್ತಾರೆ; ಮ್ಯೂ ಅಂದರೆ ಹಿಡಿತದ ಆ ಅಳತೆಯ ಚಿಹ್ನೆ. 50 ಕಿ.ಮೀ. ವೇಗದಲ್ಲಿ ಪೆಡಲ್ ಅನ್ನು ಒಮ್ಮೆಲೇ ಪೂರ್ತಿ ಒತ್ತಬೇಕು. ಬಲಗಡೆ ಹಿಡಿತ ಜಾಸ್ತಿ, ಹಾಗಾಗಿ ಕಾರು ಬಲಕ್ಕೆ ತಿರುಗುತ್ತದೆ. ಚಾಲಕ ಸ್ಟೀರಿಂಗನ್ನು ಎಡಕ್ಕೆ ಕೊಟ್ಟು ಅದನ್ನು ನೆಟ್ಟಗೆ ಇಡಬೇಕು. ನಿಯಮದಲ್ಲಿ ಅದಕ್ಕೂ ಮಿತಿ ಇದೆ: ಮೊದಲ 2 ಸೆಕೆಂಡಿನಲ್ಲಿ 120 ಡಿಗ್ರಿ, ಒಟ್ಟಾರೆ 240 ಡಿಗ್ರಿ. ಅದಕ್ಕಿಂತ ಹೆಚ್ಚು ತಿರುಗಿಸಬೇಕಾಗಿ ಬಂದರೆ ಕಾರು ಫೇಲು.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಅಲ್ಲಿನ ಒಳರಸ್ತೆಗಳಲ್ಲಿ ಡಾಂಬರು ಒಂದೇ ಗಾಡಿಗೆ ಸಾಕಾಗುವಷ್ಟು. ಮಳೆಗಾಲದಲ್ಲಿ ಎದುರಿನಿಂದ ಬಸ್ ಬಂದರೆ ಎಡಗಡೆ ಚಕ್ರ ಕೆಸರಿಗೆ ಇಳಿಸಲೇಬೇಕು, ಅಲ್ವಾ? ಆ ಹೊತ್ತಿನಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿದರೆ ಕಾರು ತಿರುಗುವುದು ಬಲಕ್ಕೆ. ಅಂದರೆ ನೇರವಾಗಿ ಬಸ್ಸಿನ ಕಡೆಗೆ. ನನಗೆ ಈ ಪರೀಕ್ಷೆ ಬರೀ ನಿಯಮ ಅಲ್ಲ. ಅಪ್ಪ ದಿನಾ ಓಡಾಡುವ ರಸ್ತೆ ಅದು.

ನಮ್ಮ ಬಳಿ ಸಾಫ್ಟ್‌ವೇರಿನ ಎರಡು ಹೊಂದಾಣಿಕೆಗಳಿದ್ದವು. ಮೊದಲನೆಯದು ಬಲ ಮುಂಚಕ್ರಕ್ಕೆ ಬ್ರೇಕ್ ಒತ್ತಡವನ್ನು ಬೇಗ ಬೇಗ ಏರಿಸುತ್ತಿತ್ತು. ಕಾರು ಕಡಿಮೆ ದೂರದಲ್ಲಿ ನಿಲ್ಲುತ್ತಿತ್ತು, ಆದರೆ ಎಳೆತ ಜೋರು. ಎರಡನೆಯದು ಅದೇ ಒತ್ತಡವನ್ನು ತುಸು ತಡೆದು ಏರಿಸುತ್ತಿತ್ತು. ಎಳೆತ ನಿಧಾನ, ನಿಲ್ಲುವ ದೂರ ಮಾತ್ರ ಸ್ವಲ್ಪ ಹೆಚ್ಚು. ಬೆಳಗಿನಿಂದ ಎರಡನ್ನೂ ಓಡಿಸಿದೆವು. ಬ್ರೇಕ್ ಬಿಸಿ ಇಳಿಯಲು ಕಾಯುವುದು, ವಾಕಿಟಾಕಿಯಲ್ಲಿ ಕಂಟ್ರೋಲ್ ರೂಮಿನ ಅನುಮತಿ ಕೇಳುವುದು, ಮತ್ತೆ ಅದೇ ಗೆರೆಯ ಮೇಲೆ ಚಕ್ರ ತಪ್ಪದಂತೆ ಬರುವುದು. ಟ್ರ್ಯಾಕ್ ಕೆಲಸದಲ್ಲಿ ಕಾಯುವುದೇ ಜಾಸ್ತಿ.

ಮಧ್ಯಾಹ್ನದ ಹೊತ್ತಿಗೆ ಗ್ರಾಫ್‌ಗಳು ಬಂದವು. ಎರಡೂ ಪಾಸ್. ನನ್ನ ಜೊತೆಗಿದ್ದ ಎಂಜಿನಿಯರ್‌ಗೆ ಮೊದಲನೆಯದೇ ಇಷ್ಟ. ನಿಲ್ಲುವ ದೂರ ಎಲ್ಲರಿಗೂ ಅರ್ಥವಾಗುವ ಅಂಕಿ, ಹೋಲಿಕೆ ಪಟ್ಟಿಯಲ್ಲಿ ಕಾಣುವುದೂ ಅದೇ ಅಂತ ಅವನ ವಾದ. ಸುಳ್ಳಲ್ಲ. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮ ಟೆಸ್ಟ್ ಡ್ರೈವರ್ ಧಾರ್ ಜಿಲ್ಲೆಯವರು, ಇದೇ ಕೆಲಸದಲ್ಲಿ ಪಳಗಿದವರು. ಕಾರು ಎತ್ತ ತಿರುಗುತ್ತದೆ ಅಂತ ಅವರಿಗೆ ಮೊದಲೇ ಗೊತ್ತು. ಪೆಡಲ್ ಒತ್ತುವಾಗಲೇ ಅವರ ಕೈ ಸಿದ್ಧವಾಗಿರುತ್ತದೆ. ತೀರ್ಥಹಳ್ಳಿ ರಸ್ತೆಯಲ್ಲಿ ಕಾರು ಓಡಿಸುವವರಿಗೆ ಅದು ಹೇಗೆ ಗೊತ್ತಿರಬೇಕು?

ಹಾಗಾಗಿ ಪಟ್ಟಿಯಲ್ಲಿಲ್ಲದ ಒಂದು ಓಟ ಕೇಳಿದೆ. "ಭಯ್ಯಾ, ಕಾರು ತಿರುಗಿದ ಮೇಲೆ ಒಂದು ಕ್ಷಣ ಸುಮ್ನೆ ಇದ್ದು, ಆಮೇಲೆ ಸ್ಟೀರಿಂಗ್ ಕೊಡ್ತೀರಾ? ಏನೂ ಗೊತ್ತಿಲ್ಲದವರ ಹಾಗೆ." ನಾನು ಅರೆಬರೆ ಹಿಂದಿಯಲ್ಲಿ ಕೇಳಿದ್ದು ಅವರಿಗೆ ತಕ್ಷಣ ಅರ್ಥವಾಯಿತು. ಮೊದಲು ವೇಗ ಇಳಿಸಿ ಶುರು ಮಾಡೋಣ ಅಂದರು. ಕಂಟ್ರೋಲ್ ರೂಮಿಗೆ ಹೇಳಿ, ಪಕ್ಕದ ಲೇನ್ ಖಾಲಿ ಮಾಡಿಸಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ 50 ಕಿ.ಮೀ.ಗೆ ಬಂದೆವು.

ಮೊದಲ ಹೊಂದಾಣಿಕೆಯಲ್ಲಿ, ಅವರ ಕೈ ಕೆಲಸ ಶುರು ಮಾಡುವಷ್ಟರಲ್ಲಿ ಕಾರಿನ ಮೂತಿ ಗೆರೆ ದಾಟಿ ಬಲ ಲೇನಿಗೆ ಹೊಕ್ಕಿತ್ತು. ಮಳೆಗಾಲದ ರಸ್ತೆಯಾಗಿದ್ದರೆ ಬಸ್ ಇರುತ್ತಿದ್ದದ್ದು ಅಲ್ಲಿಯೇ. ಎರಡನೆಯದರಲ್ಲಿ ಕಾರು ತಿರುಗಿತು, ಆದರೆ ನಿಧಾನಕ್ಕೆ. ಅವರು ತಡವಾಗಿ ಸ್ಟೀರಿಂಗ್ ಕೊಟ್ಟರೂ ತನ್ನ ಲೇನಿನೊಳಗೇ ನಿಂತಿತು. ಕೆಳಗಿಳಿದು ಬಂದು ಅವರು ಹೇಳಿದ್ದು ಇಷ್ಟೇ: "ಸರ್, ಎರಡನೆಯದು ಯೋಚಿಸೋಕೆ ಟೈಮ್ ಕೊಡುತ್ತೆ." ನನ್ನ ಜೊತೆಗಾರ ಗ್ರಾಫ್ ನೋಡುತ್ತಾ ಬಹಳ ಹೊತ್ತು ಕೂತಿದ್ದ. ಆಮೇಲೆ ಅವನೇ ಎರಡನೆಯದನ್ನು ಮುಂದಿನ ಸಾಫ್ಟ್‌ವೇರಿಗೆ ಅಂತ ಗುರುತು ಹಾಕಿದ. ಒಣ ರಸ್ತೆಯಲ್ಲಿ ನಿಲ್ಲುವ ದೂರವನ್ನು ಮುಟ್ಟದೆ, ಎರಡು ಬದಿಯ ಹಿಡಿತ ಬೇರೆ ಬೇರೆ ಇದ್ದಾಗ ಮಾತ್ರ ಅದನ್ನು ತುಸು ಬಿಟ್ಟುಕೊಡುವ ದಾರಿಯನ್ನೂ ಅವನೇ ಸೂಚಿಸಿದ.

ಸಂಜೆ ವರದಿ ಬರೆಯುವಾಗ ಎರಡು ಬೇಡಿಕೆ ಸೇರಿಸಿದೆ. ಒಂದು, ಹಿಂದಿನ ಸೀಟು, ಡಿಕ್ಕಿ ಎರಡಕ್ಕೂ ಮರಳಿನ ಚೀಲ ತುಂಬಿ ಇದೇ ಓಟಗಳನ್ನು ಮತ್ತೆ ಮಾಡಬೇಕು. ಹಬ್ಬಕ್ಕೆ ಊರಿಗೆ ಹೋಗುವ ಕಾರು ಖಾಲಿ ಇರುವುದಿಲ್ಲ. ಇನ್ನೊಂದು, ಈ ಪರೀಕ್ಷೆ ಸಪಾಟಾದ ನೇರ ದಾರಿಯಲ್ಲಿ ನಡೆಯುತ್ತದೆ. ನಮ್ಮ ಘಟ್ಟದ ರಸ್ತೆಗಳಲ್ಲಿ ಕೆಸರಿನ ಅಂಚು ಎದುರಾಗುವುದು ಇಳಿಜಾರಿನ ತಿರುವಿನಲ್ಲಿ. ಇಳಿಜಾರು, ತಿರುವು, ಒಂದು ಬದಿ ಜಾರಿಕೆ ಮೂರೂ ಒಟ್ಟಿಗೆ ಇರುವ ತುಂಡು ರಸ್ತೆಯೊಂದು ನಮ್ಮ ದೇಶದ ಟ್ರ್ಯಾಕ್‌ಗಳಲ್ಲಿ ಬೇಕು. ಅದಕ್ಕೊಂದು ನಕ್ಷೆ ಬರೆಯಲು ಶುರು ಮಾಡಿದ್ದೇನೆ. ಎಷ್ಟು ಇಳಿಜಾರು, ಎಂಥ ತಿರುವು ಇಡಬೇಕು ಅಂತ ತಿಳಿಯಲು ಈ ಮಳೆಗಾಲದಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆಯ ರಸ್ತೆ ಅಂಚುಗಳನ್ನು ಅಳೆಯುವುದು ಅಂತ ತೀರ್ಮಾನಿಸಿದ್ದೇವೆ.