ವಿಲನ್‌ನ ತೂಕ ಒಂದೇ ಪುಟದಲ್ಲಿ

ಅಮೇಜಿಂಗ್ ಸ್ಪೈಡರ್‌ಮ್ಯಾನ್ ಕಾಮಿಕ್‌ನ 121ನೇ ಸಂಚಿಕೆ, 1973. ವಿಲನ್ ಗ್ರೀನ್ ಗಾಬ್ಲಿನ್, ನಾಯಕನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆಯ ತುದಿಯಿಂದ ಕೆಳಕ್ಕೆ ತಳ್ಳುತ್ತಾನೆ. ಸ್ಪೈಡರ್‌ಮ್ಯಾನ್ ಬಲೆ ಬೀಸುತ್ತಾನೆ, ಅದು ಅವಳ ಕಾಲಿಗೆ ಅಂಟುತ್ತದೆ, ಬೀಳುವುದು ತಟ್ಟನೆ ನಿಲ್ಲುತ್ತದೆ. ಅದೇ ಪ್ಯಾನೆಲ್‌ನಲ್ಲಿ, ಅಂದರೆ ಅದೇ ಚಿತ್ರದ ಚೌಕದಲ್ಲಿ, ಅವಳ ಕತ್ತಿನ ಪಕ್ಕ ಸಣ್ಣ ಅಕ್ಷರದಲ್ಲಿ ‘ಸ್ನ್ಯಾಪ್’ ಎಂದು ಬರೆದಿದೆ, ಕತ್ತು ಮುರಿದ ಸದ್ದು. ಅವಸರದಲ್ಲಿ ಓದಿದರೆ ಕಣ್ಣಿಗೇ ಬೀಳುವುದಿಲ್ಲ. ಸ್ಪೈಡರ್‌ಮ್ಯಾನ್ ವೇಷದೊಳಗಿನ ಪೀಟರ್‌ಗೂ ಅದು ಗೊತ್ತಾಗಿಲ್ಲ, ಅವಳನ್ನು ಮೇಲೆಳೆದುಕೊಳ್ಳುತ್ತಾ ತನ್ನ ಕೈಚಳಕವನ್ನು ತಾನೇ ಹೊಗಳಿಕೊಳ್ಳುತ್ತಿರುತ್ತಾನೆ.

ಗಾಬ್ಲಿನ್ ದೊಡ್ಡ ವಿಲನ್ ಆಗಿದ್ದು ಆ ಪುಟದಲ್ಲಿ. 1964ರಲ್ಲಿ ಮೊದಲು ಬಂದಾಗ ಅವನು ಹಾರುವ ಪೊರಕೆಯಂಥ ಯಂತ್ರದ ಮೇಲೆ ಕೂತ, ಹಸಿರು ಮುಖವಾಡದ ಇನ್ನೊಬ್ಬ ಪುಂಡ, ಅಷ್ಟೇ. 1966ರಲ್ಲಿ ಮುಖವಾಡ ಕಳಚಿ, ಇವನು ಪೀಟರ್‌ನ ಗೆಳೆಯ ಹ್ಯಾರಿಯ ಅಪ್ಪ ನಾರ್ಮನ್ ಆಸ್ಬಾರ್ನ್ ಎಂದು ಗೊತ್ತಾದಾಗ ಜಗಳ ಮನೆಯೊಳಕ್ಕೆ ಬಂತು. ಆದರೆ 121ರಲ್ಲಿ ನಡೆದದ್ದೇ ಬೇರೆ. ಜೀವ ಉಳಿಸುವ ಬಲೆಯೇ ಜೀವ ತೆಗೆಯಿತೇ ಎಂಬ ಪ್ರಶ್ನೆಯನ್ನು ಅವನು ನಾಯಕನ ತಲೆಯೊಳಗೆ ಬಿಟ್ಟುಹೋದ. ಮುಂದಿನ ಸಂಚಿಕೆಯಲ್ಲಿ ಅವನು ತನ್ನದೇ ಹಾರುವ ಯಂತ್ರ ಗ್ಲೈಡರ್ ಚುಚ್ಚಿ ಸಾಯುತ್ತಾನೆ, ಪ್ರಶ್ನೆ ಮಾತ್ರ ಇವತ್ತಿಗೂ ಸತ್ತಿಲ್ಲ. ಯಾವ ವಿಲನ್‌ನನ್ನಾದರೂ ನಾನು ಅಳೆಯುವುದು ಹೀಗೆಯೇ: ಅವನ ಶಕ್ತಿಗಳ ಪಟ್ಟಿ ಬದಿಗಿಟ್ಟು, ಅವನ ತೂಕವೆಲ್ಲ ಬಿದ್ದಿರುವ ಒಂದು ಪುಟ ಹುಡುಕುತ್ತೇನೆ. ಅಂಥ ಪುಟ ಸಿಗದಿದ್ದರೆ ಉಳಿಯುವುದು ಬರೀ ವೇಷ.

ಡಾಕ್ಟರ್ ಡೂಮ್‌ನ ಪುಟ 1964ರ ಫೆಂಟಾಸ್ಟಿಕ್ ಫೋರ್ ವಾರ್ಷಿಕ ಸಂಚಿಕೆಯಲ್ಲಿದೆ. ಕಾಲೇಜಿನ ಹಾಸ್ಟೆಲ್ ಕೋಣೆ. ನಿನ್ನ ಯಂತ್ರದ ಲೆಕ್ಕದಲ್ಲಿ ತಪ್ಪಿದೆ ಎಂದು ಸಹಪಾಠಿ ರೀಡ್ ರಿಚರ್ಡ್ಸ್, ಮುಂದೆ ಫೆಂಟಾಸ್ಟಿಕ್ ಫೋರ್ ತಂಡದ ನಾಯಕನಾಗುವವನು, ಹೇಳುತ್ತಾನೆ, ಡೂಮ್ ಅವನನ್ನು ಆಚೆ ಅಟ್ಟುತ್ತಾನೆ. ಯಂತ್ರ ಸಿಡಿದು ಮುಖ ಸುಡುತ್ತದೆ. ಮುಂದೆ ಟಿಬೆಟ್‌ನ ಸನ್ಯಾಸಿಗಳ ಬಳಿ ಕವಚ ಮಾಡಿಸಿಕೊಂಡು, ಮುಖವಾಡ ಪೂರ್ತಿ ಆರುವ ಮೊದಲೇ ಮುಖಕ್ಕೆ ಹಾಕಿಸಿಕೊಳ್ಳುತ್ತಾನೆ. ಆರುವವರೆಗೆ ಕಾಯುವ ತಾಳ್ಮೆಯೂ ಇಲ್ಲ. ಲಾಟ್ವೇರಿಯಾ ಎಂಬ ದೇಶವನ್ನೇ ಆಳುವ ಈ ಮನುಷ್ಯನ ಜೀವಮಾನದ ದ್ವೇಷವೆಲ್ಲ, ತನ್ನ ಲೆಕ್ಕ ತಪ್ಪಿತ್ತು ಎಂದು ಒಪ್ಪಿಕೊಳ್ಳದಿರಲು ಕಟ್ಟಿಕೊಂಡ ಕೋಟೆ. ಇಷ್ಟು ಸಣ್ಣ ಕಾರಣದ ಮೇಲೆ ಇಷ್ಟು ದೊಡ್ಡ ಪಾತ್ರ ನಿಂತಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮ್ಯಾಗ್ನೆಟೋ 1963ರಿಂದ ಬಹಳ ಕಾಲ ಜಗತ್ತನ್ನು ಗೆಲ್ಲುತ್ತೇನೆ ಎಂದು ಕಿರುಚುವ ಸಾಮಾನ್ಯ ಸರ್ವಾಧಿಕಾರಿ. ಅವನನ್ನು ಬದಲಿಸಿದ್ದು ಎಕ್ಸ್-ಮೆನ್ ಕಾಮಿಕ್‌ನ 1981ರ 150ನೇ ಸಂಚಿಕೆ. ಸಿಟ್ಟಿನಲ್ಲಿ ಎಕ್ಸ್-ಮೆನ್ ತಂಡದ ಕಿಟ್ಟಿ ಪ್ರೈಡ್ ಮೇಲೆ ಪ್ರಹಾರ ಮಾಡಿಬಿಡುತ್ತಾನೆ, ಬಿದ್ದವಳನ್ನು ನೋಡಿದರೆ ಇನ್ನೂ ಹುಡುಗಿ. ನಾಜಿಗಳ ಆಶ್‌ವಿಟ್ಸ್ ಕ್ಯಾಂಪಿನಲ್ಲಿ ಬೆಳೆದವನು ತಾನು ಆ ನಾಜಿಗಳಂತೆಯೇ ಆದೆನಲ್ಲ ಎಂದು ಅಲ್ಲೇ ನಿಂತುಬಿಡುತ್ತಾನೆ. ಆ ಹಿನ್ನೆಲೆ ಮೊದಲು ಬಂದದ್ದೇ ಆ ಸಂಚಿಕೆಯಲ್ಲಿ. ಗಮನಿಸಿ, ಅದನ್ನು ಕತೆಯ ಆರಂಭದಲ್ಲಿ ಹೇಳಿ ಮುಗಿಸಿಲ್ಲ, ಅಪರಾಧ ನಡೆದ ಮೇಲೆ ಹೇಳಿದ್ದಾರೆ. ಮೊದಲೇ ಹೇಳಿದ್ದರೆ ಅದು ಕ್ಷಮೆ ಕೇಳಿದ ಹಾಗಾಗುತ್ತಿತ್ತು.

ಎಲ್ಲಿ ಕೆಡುತ್ತದೆ ಅನ್ನುವುದಕ್ಕೆ ವೆನಮ್ ಸಾಕು. ಅಮೇಜಿಂಗ್ ಸ್ಪೈಡರ್‌ಮ್ಯಾನ್‌ನ 1988ರ 300ನೇ ಸಂಚಿಕೆಯಲ್ಲಿ ಅವನ ಚಿತ್ರ ಅದ್ಭುತ, ಉಪಾಯವೂ ಚೆನ್ನ: ಸ್ಪೈಡರ್‌ಮ್ಯಾನ್‌ಗೆ ಅಪಾಯದ ಮುನ್ಸೂಚನೆ ಇವನ ಮುಂದೆ ಕೆಲಸ ಮಾಡುವುದಿಲ್ಲ, ಮೇಲಾಗಿ ಮುಖವಾಡದ ಹಿಂದೆ ಯಾರಿದ್ದಾರೆಂದು ಇವನಿಗೆ ಗೊತ್ತು. ಕಾರಣ ಮಾತ್ರ ಪೊಳ್ಳು. ವೆನಮ್ ಆಗುವ ಪತ್ರಕರ್ತ ಎಡ್ಡಿ ಬ್ರಾಕ್ ಸುಳ್ಳು ತಪ್ಪೊಪ್ಪಿಗೆಯನ್ನು ನಂಬಿ ಬರೆದ, ನಿಜವಾದ ಕೊಲೆಗಾರ ಸ್ಪೈಡರ್‌ಮ್ಯಾನ್ ಕೈಗೆ ಸಿಕ್ಕಿಬಿದ್ದ, ಕೆಲಸ ಹೋಯಿತು, ಅದಕ್ಕೆ ಸ್ಪೈಡರ್‌ಮ್ಯಾನ್ ಹೊಣೆಯಂತೆ! ಕಾರಣ ಗಟ್ಟಿಯಿಲ್ಲದ ವಿಲನ್ ಜನಪ್ರಿಯನಾದರೆ ಮುಂದಿನ ದಾರಿ ಒಂದೇ, ನಾಯಕನಾಗುವುದು. ವೆನಮ್ ಆದದ್ದೂ ಅದೇ.

ಥಾನೋಸ್ ವಿಷಯದಲ್ಲಿ ಸಿನಿಮಾ ಮಾತ್ರ ನೋಡಿದವರಿಗೆ ಒಂದು ಮಾತು. 1991ರ ಇನ್ಫಿನಿಟಿ ಗಾಂಟ್ಲೆಟ್ ಕಾಮಿಕ್‌ನಲ್ಲಿ ಅವನು ಅರ್ಧ ವಿಶ್ವವನ್ನು ಅಳಿಸುವುದು ಸಿನಿಮಾದಂತೆ ಅನ್ನ-ನೀರಿನ ಲೆಕ್ಕಕ್ಕಲ್ಲ, ಹೆಣ್ಣು ರೂಪದ ಮೃತ್ಯುವನ್ನು ಮೆಚ್ಚಿಸಲು. ಅವಳು ಅವನತ್ತ ತಿರುಗಿಯೂ ನೋಡುವುದಿಲ್ಲ. ಕಾಮಿಕ್‌ನವನೇ ನನಗೆ ಹತ್ತು ಪಟ್ಟು ಹೆಚ್ಚು ಭಯಂಕರ.

ವಿಲನ್‌ನ ಪ್ರವೇಶಕ್ಕೂ ಒಂದು ಲೆಕ್ಕವಿದೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬಂದಾಗ ಬಣ್ಣದ ವೇಷದ ಒಡ್ಡೋಲಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೊದಲು ತೆರೆಯ ಹಿಂದಿನ ಅಬ್ಬರ, ಮೇಲೆ ಕಿರೀಟದ ತುದಿ, ಮುಖ ಕೊನೆಗೆ. ಕಾಮಿಕ್‌ನಲ್ಲಿ ತೆರೆಯ ಕೆಲಸ ಮಾಡುವುದು ಪುಟ ತಿರುಗಿಸುವ ಕೈ. ಬಲಪುಟದ ಕೊನೆಯ ಪ್ಯಾನೆಲ್‌ನಲ್ಲಿ ನೆರಳೋ ಕೈಯೋ ಕಾಣಬೇಕು, ಪೂರ್ತಿ ಮುಖ ಮುಂದಿನ ಎಡಪುಟದಲ್ಲಿ ಬರಬೇಕು. ಬಲಪುಟದಲ್ಲೇ ಮುಖ ಬಿಡಿಸಿದರೆ ಎದುರಿನ ಪುಟ ಓದುವಾಗಲೇ ಓರೆಗಣ್ಣಿಗೆ ಕಂಡು ಎಲ್ಲ ಮುಗಿದಿರುತ್ತದೆ. ಮೊಬೈಲಿನಲ್ಲಿ ಒಂದೊಂದೇ ಪ್ಯಾನೆಲ್ ಸರಿಸಿ ಓದಿದರೆ ಈ ಲೆಕ್ಕವೇ ಇಲ್ಲವಾಗುತ್ತದೆ, ಹಾಗಾಗಿ ಮೇಲೆ ಹೇಳಿದವನ್ನು ಕಾಗದದಲ್ಲೇ ಓದಿ.

ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲೋ ಫೋರ್ಟ್ ಕಡೆಯೋ ಹಳೇ ಪುಸ್ತಕ ಹುಡುಕುವವರು ಬ್ಯಾಟ್‌ಮ್ಯಾನ್‌ನ ವೈರಿ ಜೋಕರ್‌ನ ಕತೆ ಕಿಲ್ಲಿಂಗ್ ಜೋಕ್ ಸಿಕ್ಕರೆ ಮೊದಲು ಹಿನ್ನೋಟದ ಪುಟಗಳನ್ನು ತೆರೆದು ನೋಡಿ. 1988ರ ಮೂಲದಲ್ಲಿ ಜಾನ್ ಹಿಗಿನ್ಸ್ ಹಚ್ಚಿದ ಕಣ್ಣುಕುಕ್ಕುವ ಬಣ್ಣಗಳಿವೆ. 2008ರಲ್ಲಿ ಚಿತ್ರಕಾರ ಬ್ರಯನ್ ಬೊಲಾಂಡ್ ತಾವೇ ಮತ್ತೆ ಬಣ್ಣ ಹಚ್ಚಿದರು: ಹಿನ್ನೋಟಗಳು ಕಪ್ಪುಬಿಳುಪು, ಯಾವುದೋ ಒಂದು ವಸ್ತುವಿಗೆ ಮಾತ್ರ ಕೆಂಪು, ಆ ಕೆಂಪು ಬರಬರುತ್ತಾ ಗಾಢವಾಗುತ್ತದೆ. ಜೋಕರ್‌ಗೆ ತನ್ನ ಹಳೆಯ ಕತೆ ಸರಿಯಾಗಿ ನೆನಪಿಲ್ಲ, ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ. ಎರಡನೆಯ ಬಣ್ಣ ಅದಕ್ಕೆ ಹೊಂದುತ್ತದೆ, ನನ್ನ ಮತ ಅದಕ್ಕೇ. ಆದರೂ ಮೊದಲಿನದು ಸಿಕ್ಕರೆ ಬಿಡಬೇಡಿ. ಬಿಡಿ ಸಂಚಿಕೆಗಳಾದರೆ ನಡುಪುಟ ತೆರೆದು ಪಿನ್ ನೋಡಿ. ಈ ಊರಿನ ತೇವಕ್ಕೆ ಪಿನ್ ತುಕ್ಕು ಹಿಡಿದರೆ ಸುತ್ತಲಿನ ಕಾಗದ ಹರಿದು ನಡುಹಾಳೆ ಕಳಚಿಹೋಗಿರುತ್ತದೆ, ಎಷ್ಟೋ ಸಲ ನಿಮಗೆ ಬೇಕಾದ ಪುಟ ಅದೇ ಆಗಿರುತ್ತದೆ. ಮನೆಗೆ ತಂದವನ್ನು ಪಾಲಿಪ್ರೊಪಿಲೀನ್ ಚೀಲದಲ್ಲಿ ಹಾಕಿ, ಬೆನ್ನಿಗೆ ಆಮ್ಲರಹಿತ ರಟ್ಟು ಕೊಟ್ಟು, ಹೊರಗೋಡೆಗೆ ತಾಗದಂತೆ ನೆಟ್ಟಗೆ ನಿಲ್ಲಿಸಿಡಿ.