ಬಿಳಿ ಮೂರು, ಕರಿ ಒಂದು: ಉದ್ಯಮಬಾಗ್‌ನಲ್ಲಿ ಬ್ಲ್ಯಾಕ್ ಸಬ್ಬಾತ್

ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬ್ಬಾತ್‌ನ 'ದಿ ಅಲ್ಟಿಮೇಟ್ ಕಲೆಕ್ಷನ್' 2016ರಲ್ಲಿ ಬಂತು. ಎರಡು ಸಿಡಿ, 31 ಹಾಡು. 1970ರಿಂದ 1978ರವರೆಗೆ ಓಝಿ ಆಸ್ಬರ್ನ್ ಹಾಡಿದ ಎಂಟು ಆಲ್ಬಮ್‌ಗಳಿಂದ ಆರಿಸಿದ್ದು. ಸುಮ್ಮನೆ ಕೇಳುವವರಿಗೆ ತೊಡಕೇನಿಲ್ಲ. ಗಿಟಾರ್ ಹಿಡಿದು ಜೊತೆಗೆ ನುಡಿಸುವವರಿಗೆ ಹಾಡುಗಳ ಸರದಿಯೇ ಕಾಡುತ್ತದೆ, ಏಕೆಂದರೆ ಇಸವಿ ಪ್ರಕಾರ ಜೋಡಿಸಿಲ್ಲ. ತಂಡದ ಹೆಸರನ್ನೇ ಹೊತ್ತ 'ಬ್ಲ್ಯಾಕ್ ಸಬ್ಬಾತ್' ಹಾಡು ಗಿಟಾರಿನ ಮಾಮೂಲಿ ಇ ಶ್ರುತಿಯಲ್ಲಿದೆ. ಅದರ ಬೆನ್ನಿಗೇ 'ಚಿಲ್ಡ್ರನ್ ಆಫ್ ದ ಗ್ರೇವ್', ಮೂರು ಅರ್ಧಸ್ವರ ಕೆಳಗೆ, ಸಿ ಶಾರ್ಪ್‌ನಲ್ಲಿ. ನಮ್ಮ ಭಜನಿ ಮಂದಿಯ ಲೆಕ್ಕದಲ್ಲಿ ಬಿಳಿ ಮೂರರಿಂದ ಕರಿ ಒಂದಕ್ಕೆ ಇಳಿದಂತೆ. ಹಾರ್ಮೋನಿಯಂನಲ್ಲಾದರೆ ಬೆರಳು ಸರಿಸಿದರಾಯಿತು. ಗಿಟಾರಿನಲ್ಲಿ ತಂತಿ, ದಂಡಿ, ಬ್ರಿಜ್ (ಬುರುಡೆಯ ಮೇಲೆ ತಂತಿ ಕೂರುವ ಕುದುರೆ) ಮೂರೂ ಅಲುಗುತ್ತವೆ.

ಜುಲೈ ಮಳೆಯ ಒಂದು ರವಿವಾರ, ಬೆಳಗಾವಿಯ ಉದ್ಯಮಬಾಗ್‌ನ ಚಿಕ್ಕ ಮಶೀನ್ ಶಾಪಿನಲ್ಲಿ ಈ ಇಡೀ ಸಂಗ್ರಹಕ್ಕೆ ಗಿಟಾರ್ ಹೊಂದಿಸುವ ಕೆಲಸ ನಡೆಯಿತು. ಜಾಗ ಸರಿಯಾಗಿತ್ತು. ಈ ಸಂಗೀತ ಹುಟ್ಟಿದ್ದೂ ಕಬ್ಬಿಣದ ಊರಿನಲ್ಲಿ, ಬರ್ಮಿಂಗ್‌ಹ್ಯಾಮ್‌ನ ಆಸ್ಟನ್‌ನಲ್ಲಿ. ಗಿಟಾರಿಸ್ಟ್ ಟೋನಿ ಐಯೋಮಿ ಹದಿನೇಳನೆಯ ವಯಸ್ಸಿನಲ್ಲಿ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಕೊನೆಯ ದಿನ ಯಂತ್ರಕ್ಕೆ ಸಿಕ್ಕು ಬಲಗೈಯ ಮಧ್ಯದ ಬೆರಳು, ಉಂಗುರ ಬೆರಳುಗಳ ತುದಿ ಹೋದವು. ಎಡಗೈಯಿಂದ ಮೀಟುವವರು ಅವರು, ಅಂದರೆ ತಂತಿ ಒತ್ತುವುದು ಅದೇ ಬಲಗೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ಮೇಲೆ ತೊಗಲು ಅಂಟಿಸಿಕೊಂಡರು. ದಪ್ಪ ತಂತಿ ಒತ್ತಿದರೆ ನೋವು, ಹಾಗಾಗಿ ಬ್ಯಾಂಜೊ ತಂತಿಯಂಥ ಸಣ್ಣ ತಂತಿ ಹಾಕಿದರು. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಹೊತ್ತಿಗೆ ಶ್ರುತಿಯನ್ನೇ ಇಳಿಸಿದರು. ಸಡಿಲ ತಂತಿ ಬೆರಳಿಗೆ ಹಗುರ, ಕಿವಿಗೆ ಭಾರ. ಹೆವಿ ಮೆಟಲ್‌ನ ಆ ದಪ್ಪ ದನಿಯ ಹಿಂದೆ ಗಾಯಗೊಂಡ ಒಂದು ಕೈಯ ಅನುಕೂಲವಿದೆ. ಸೆಟಪ್ ಮಾಡುವಾಗ ಇದನ್ನು ಮರೆತರೆ ಎಲ್ಲ ಕೆಡುತ್ತದೆ.

ಹೇಗೆಂದರೆ, ಸಿ ಶಾರ್ಪ್‌ಗೆ ಇಳಿಸುವವರು ಮೊದಲು ಮಾಡುವುದೇ ದಪ್ಪ ತಂತಿ ತರುವುದು. ಆರನೆಯ ತಂತಿಯ ಇ 82.4 ಹರ್ಟ್ಸ್, ಸಿ ಶಾರ್ಪ್ 69.3. ತಂತಿ ಅದೇ ಇದ್ದರೆ ಎಳೆತ ಶೇ. 71ಕ್ಕೆ ಇಳಿಯುತ್ತದೆ. ಹಳೆಯ ಎಳೆತ ಉಳಿಸಿಕೊಳ್ಳಲು 10–46 ಸೆಟ್ (ಸಣ್ಣ ತಂತಿಯಿಂದ ದಪ್ಪ ತಂತಿಯವರೆಗಿನ ದಪ್ಪ, ಇಂಚಿನ ಸಾವಿರದ ಪಾಲಿನಲ್ಲಿ) ತೆಗೆದು 12–54 ಹಾಕಬೇಕು. ಈಗಿನ ಮೆಟಲ್‌ಗೆ ಅದು ಸರಿ, ಸಬ್ಬಾತ್‌ಗೆ ಅಲ್ಲ. 10ರ ತಂತಿಯನ್ನೇ ಸಿ ಶಾರ್ಪ್‌ಗೆ ಇಳಿಸಿದರೆ ಇ ಶ್ರುತಿಯಲ್ಲಿರುವ 8.4ರ ತಂತಿಯಷ್ಟು ಮೆತ್ತಗಾಗುತ್ತದೆ. ಐಯೋಮಿಯ ಕೈಗೆ ಹತ್ತಿರವಾದದ್ದು ಇದೇ. ತಂತಿಯನ್ನು ಪಕ್ಕಕ್ಕೆ ದೂಡಿ ಸ್ವರ ನಡುಗಿಸುವ ಅವರ ರೀತಿ ದಪ್ಪ ತಂತಿಯಲ್ಲಿ ಬರುವುದಿಲ್ಲ.

ಸಡಿಲ ತಂತಿಯ ತೊಂದರೆ ಗಿರಗಿರ ಸದ್ದು. ಎಳೆತ ಕಡಿಮೆಯಾದಾಗ ದಂಡಿ ಹಿಂದಕ್ಕೆ ಬಾಗುತ್ತದೆ, ಮೊದಲ ನಾಲ್ಕೈದು ಫ್ರೆಟ್‌ಗಳಿಗೆ, ಅಂದರೆ ದಂಡಿಯ ಮೇಲಿನ ಅಡ್ಡ ಪಟ್ಟಿಗಳಿಗೆ, ತಂತಿ ತಾಗುತ್ತದೆ. ಇತ್ತ ಬೆಳಗಾವಿಯ ಮಳೆಗಾಲದ ತೇವಕ್ಕೆ ಮರ ಉಬ್ಬಿ, ಸಾಮಾನ್ಯವಾಗಿ ಮುಂದಕ್ಕೆ ಬಾಗುತ್ತದೆ. ಎರಡರಲ್ಲಿ ಯಾವುದು ಗೆದ್ದಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಶಾಪಿನ ಟರ್ನರ್ ಡ್ರಾಯರ್‌ನಿಂದ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು) ತೆಗೆದುಕೊಟ್ಟು ಅಂದದ್ದು: "ಅಂದಾಜ್ ಬ್ಯಾಡ್ರಿ ಸರ, ಗೇಜ್ ಹಾಕಿ ನೋಡ್ರಿ." ಮೊದಲನೆಯ ಫ್ರೆಟ್‌ಗೆ ಕೇಪೊ (ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್‌ನಲ್ಲಿ ಆರನೆಯ ತಂತಿ ಒತ್ತಿ ಹಿಡಿದು, ಎಂಟನೆಯ ಫ್ರೆಟ್‌ನ ಮೇಲೆ ಅಳೆಯಬೇಕು. 0.25 ಮಿ.ಮೀ. ಎಲೆ ತಂತಿಯನ್ನು ಎತ್ತದೆ ಸವರಿಕೊಂಡು ಹೋದರೆ ಸರಿ. ಎಲೆ ತೂರದಿದ್ದರೆ ದಂಡಿಯೊಳಗೆ ಅದರ ಬಾಗು ಹಿಡಿಯುವ ಕಂಬಿ, ಟ್ರಸ್ ರಾಡನ್ನು ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿಯ ಎತ್ತರ ದಪ್ಪ ಬದಿಗೆ 2 ಮಿ.ಮೀ., ಸಣ್ಣ ಬದಿಗೆ 1.6 ಇರಲಿ. ಸಡಿಲ ತಂತಿ ಅಗಲವಾಗಿ ಅದುರುತ್ತದೆ, ಇನ್ನೂ ಕೆಳಗಿಳಿಸುವ ಆಸೆ ಬೇಡ.

ತೇಲುವ ಬ್ರಿಜ್‌ನ ಗಿಟಾರ್ ಈ ಕೆಲಸಕ್ಕೆ ತರಬೇಡಿ. ತಂತಿಯ ಎಳೆತ ಇಳಿದೊಡನೆ ಹಿಂದಿನ ಸ್ಪ್ರಿಂಗ್‌ಗಳು ಬ್ರಿಜ್ಜನ್ನು ಒಳಕ್ಕೆ ಎಳೆಯುತ್ತವೆ, ಒಂದು ತಂತಿ ಹೊಂದಿಸಿದರೆ ಉಳಿದ ಐದು ತಪ್ಪುತ್ತವೆ. ಗಿಬ್ಸನ್ ಕಂಪನಿಯ ಎಸ್‌ಜಿ ಗಿಟಾರಿನಂಥ ಗಟ್ಟಿ ಬ್ರಿಜ್ ಒಳ್ಳೆಯದು. ಐಯೋಮಿಯೂ ಮೊದಲ ಆಲ್ಬಮ್ಮಿಗೆ ತೇಲುವ ಬ್ರಿಜ್‌ನ ಸ್ಟ್ರಾಟೊಕಾಸ್ಟರ್ ಗಿಟಾರ್ ಹಿಡಿದು ಕೂತಿದ್ದರು. ತಂತಿಯ ಸದ್ದು ಹಿಡಿಯುವ ಅದರ ಪಿಕಪ್ ಕೆಟ್ಟಿದ್ದರಿಂದ ಎಸ್‌ಜಿ ಎತ್ತಿಕೊಂಡರು.

ಶ್ರುತಿ ನೋಡುವಾಗ ಇನ್ನೊಂದು ಎಚ್ಚರ. ಸಡಿಲ ತಂತಿಯನ್ನು ಜೋರಾಗಿ ಮೀಟಿದರೆ ಸ್ವರ ಮೊದಲು ಏರಿ ಆಮೇಲೆ ಇಳಿದು ನಿಲ್ಲುತ್ತದೆ. ಟ್ಯೂನರ್ ನೋಡಲು ಮೆಲ್ಲಗೆ ಮೀಟಿ, ನಿಂತ ಮೇಲಿನ ಸ್ವರ ಓದಬೇಕು. ಬಿರಡೆಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತಿರುವಿ ನಿಲ್ಲಿಸಬೇಕು. 'ಟಿಂಗ್' ಅಂತ ಸದ್ದಾಗಿ ಸ್ವರ ಜಿಗಿದರೆ ತಂತಿ ನಟ್ಟಿನ (ದಂಡಿಯ ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಸೀಳಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಪೆನ್ಸಿಲ್ ಸೀಸ ತಿಕ್ಕಿದರೆ ಸಾಕು.

ಎಲ್ಲ ಹೊಂದಿದ ಮೇಲೆ ಮೊದಲು ನುಡಿದದ್ದು 'ಬ್ಲ್ಯಾಕ್ ಸಬ್ಬಾತ್' ಹಾಡಿನ ಆ ಮೂರು ಸ್ವರ, ಇ ಶ್ರುತಿಯ ಗಿಟಾರಿನಲ್ಲಿ. ಜಿ, ಮೇಲಿನ ಜಿ, ಸಿ ಶಾರ್ಪ್. ಷಡ್ಜ, ತಾರಷಡ್ಜ, ತೀವ್ರ ಮಧ್ಯಮ. ಹಿಂದೂಸ್ತಾನಿ ಕೇಳಿ ಬೆಳೆದ ಈ ಸೀಮೆಯ ಕಿವಿಗೆ ತೀವ್ರ ಮಧ್ಯಮ ಹೊಸದಲ್ಲ, ಸಂಜೆಯ ರಾಗಗಳಲ್ಲಿ ದಿನವೂ ಇರುವುದೇ. ಪಂಚಮಕ್ಕೆ ಏರಿಸದೆ ಅಲ್ಲೇ ನಿಲ್ಲಿಸಿ, ಬೆರಳಿನಿಂದ ಅದುರಿಸುವುದರಲ್ಲಿ ಆ ಹಾಡಿನ ಭಯವೆಲ್ಲ ಇದೆ. ಇಲ್ಲಿ ಆ್ಯಂಪ್‌ನ ಗೇನ್ (ಸದ್ದು ಒಡೆಸುವ ಗುಂಡಿ) ಹೆಚ್ಚಿಟ್ಟರೆ ಸ್ವರ ಕಲಸಿಹೋಗುತ್ತದೆ. ಐಯೋಮಿ ಲೇನಿ ಆ್ಯಂಪ್‌ನ ಮುಂದೆ ಟ್ರೆಬಲ್ ಬೂಸ್ಟರ್ ಇಡುತ್ತಿದ್ದರು, ಮಂದ್ರವನ್ನು ಮೊದಲೇ ತೆಳುಮಾಡಿ ಆಮೇಲೆ ಒಡೆಸುತ್ತಿದ್ದರು. ಬೂಸ್ಟರ್ ಇಲ್ಲದಿದ್ದರೆ ಆ್ಯಂಪ್‌ನ ಬೇಸ್ ಅರ್ಧಕ್ಕಿಂತ ಕೆಳಗಿಡಿ. ಮಂದ್ರ ತುಂಬಿಕೊಡಲು ರೆಕಾರ್ಡಿಂಗಿನಲ್ಲಿ ತಂಡದ ಬೇಸ್ ಗಿಟಾರಿಸ್ಟ್ ಗೀಝರ್ ಬಟ್ಲರ್ ಇದ್ದೇ ಇದ್ದಾರೆ.

ಎರಡು ಗಿಟಾರ್ ಇದ್ದವರು ಒಂದನ್ನು ಇ, ಇನ್ನೊಂದನ್ನು ಸಿ ಶಾರ್ಪ್‌ಗೆ ಇಟ್ಟು ಸರದಿಯಂತೆಯೇ ನುಡಿಸಬಹುದು. ಒಂದೇ ಇದ್ದರೆ ಸರದಿ ಮುರಿಯಿರಿ. 'ಐರನ್ ಮ್ಯಾನ್', 'ವಾರ್ ಪಿಗ್ಸ್', 'ಪ್ಯಾರನಾಯ್ಡ್' ಥರದ ಇ ಹಾಡುಗಳು ಮೊದಲು. ಆಮೇಲೆ ತಂತಿ ಇಳಿಸಿ, ದಂಡಿ ಕೂತುಕೊಳ್ಳಲು ಅರ್ಧ ತಾಸು ಬಿಟ್ಟು, 'ಚಿಲ್ಡ್ರನ್ ಆಫ್ ದ ಗ್ರೇವ್', 'ಲಾರ್ಡ್ ಆಫ್ ದಿಸ್ ವರ್ಲ್ಡ್', 'ಇನ್‌ಟು ದ ವಾಯ್ಡ್'. ಅದೇ ದಿನ ಮತ್ತೆ ಇ ಶ್ರುತಿಗೆ ಏರಿಸಬೇಡಿ. ಮಳೆಗಾಲದಲ್ಲಿ ತುಕ್ಕು ಹಿಡಿದ ಮೊದಲ ತಂತಿ ಹರಿಯುವುದು ಆಗಲೇ.