ಮಳೆ ರಜೆಯ ದಿನದ ಮೆನು

ಮಳೆ ಜೋರಾದರೆ ಉಡುಪಿಯಲ್ಲಿ ಜಿಲ್ಲಾಧಿಕಾರಿಗಳು ಶಾಲೆಗೆ, ಅಂಗನವಾಡಿಗೆ ರಜೆ ಕೊಡುತ್ತಾರೆ. ಅಪ್ಪ ಅಮ್ಮಂದಿರಿಗೆ ಮಾತ್ರ ರಜೆ ಇಲ್ಲ. ಕುಂಜಿಬೆಟ್ಟಿನ ನಮ್ಮ ಮನೆಯ ಡೇ ಕೇರ್‌ಗೆ ಮಕ್ಕಳನ್ನು ಬಿಡುವವರಲ್ಲಿ ಹೆಚ್ಚಿನವರು ಮಣಿಪಾಲಕ್ಕೆ ಕೆಲಸಕ್ಕೆ ಹೋಗುವವರು. ಜುಲೈಯ ಆ ಬೆಳಿಗ್ಗೆ ರಜೆಯ ಸುದ್ದಿ ಬಂದದ್ದೇ ತಡ, ಫೋನ್ ಶುರುವಾಯಿತು. "ಆಂಟಿ, ದೊಡ್ಡವನನ್ನೂ ಇವತ್ತು ಬಿಡ್ಲಾ?"

ಬಿಡಿ ಎಂದೆ. ಎಂಟು ಮಕ್ಕಳ ಅಡುಗೆ ಹನ್ನೊಂದು ಮಕ್ಕಳಿಗಾಯಿತು. ಅದು ದೊಡ್ಡ ವಿಷಯ ಅಲ್ಲ, ಕುಚ್ಚಲಕ್ಕಿ ಒಂದು ಪಾವು ಜಾಸ್ತಿ ಹಾಕಿದರಾಯಿತು. ಕಷ್ಟ ಶುರುವಾದದ್ದು ಕರೆಂಟ್ ಹೋದ ಮೇಲೆ.

ಗೋಡೆಯ ಮೆನುವಿನಲ್ಲಿ ಬುಧವಾರಕ್ಕೆ ನೀರುದೋಸೆ, ಮಧ್ಯಾಹ್ನ ಬಸಳೆ ಹುಳಿ, ಸಂಜೆ ರಾಗಿ ಮಣ್ಣಿ. ಮೂರಕ್ಕೂ ಅರೆಯಬೇಕು. ನಮ್ಮ ಊರಿನ ಅಡುಗೆಯೇ ಹಾಗೆ ಅಲ್ವಾ? ಹಿತ್ತಲಲ್ಲಿ ಅರೆಯುವ ಕಲ್ಲು ಉಂಟು, ಈಗ ಅದರ ಮೇಲೆ ಹೂವಿನ ಚಟ್ಟಿ ಕೂತಿದೆ.

ಹಾಗಂತ ಮನಸ್ಸಿಗೆ ಬಂದದ್ದು ಮಾಡುವ ಹಾಗಿಲ್ಲ. ಮೊದಲು ಮಕ್ಕಳ ಊಟದ ಲೆಕ್ಕ ಬರೆದಿಡುವ ಪುಸ್ತಕದ ಮೊದಲ ಪುಟ ನೋಡಬೇಕು. ಒಂದು ಮನೆಯವರಿಗೆ ಈರುಳ್ಳಿ, ಬೆಳ್ಳುಳ್ಳಿ ಬೇಡ. ಒಂದು ಮಗುವಿಗೆ ನೆಲಗಡಲೆ ಅಲರ್ಜಿ. ಹೇಗೂ ಐದು ವರ್ಷದೊಳಗಿನವರಿಗೆ ಇಡೀ ನೆಲಗಡಲೆ ನಾನು ಕೊಡುವುದಿಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನೂ ಉದ್ದಕ್ಕೆ ಸೀಳಿಯೇ ಕೊಡುವುದು.

ಹತ್ತು ಗಂಟೆಗೆ ತುರಿಮಣೆಯಲ್ಲಿ ಕಾಯಿ ತುರಿದು ಬೆಲ್ಲ ಅವಲಕ್ಕಿ ಮಾಡಿದೆ. ಎರಡು ವರ್ಷ ತುಂಬದ ಇಬ್ಬರಿಗೆ ಬೆಲ್ಲ ಇಲ್ಲ, ಅವಲಕ್ಕಿ ನೆನೆಸಿ ಬಾಳೆಹಣ್ಣು ಕಿವುಚಿ ಕೊಟ್ಟೆ. ಮಧ್ಯಾಹ್ನಕ್ಕೆ ಗಂಜಿ, ಹೆಸರುಬೇಳೆ ತೊವ್ವೆ. ಬೇಸಿಗೆಯಲ್ಲೇ ಮಾಡಿಗೆ ನೇತುಹಾಕಿದ್ದ ಸೌತೆಕಾಯಿ ಒಂದನ್ನು ಇಳಿಸಿ ಪಲ್ಯ. ಸಂಜೆಗೆ ಬೇಯಿಸಿದ ನೇಂದ್ರ ಬಾಳೆಹಣ್ಣು. ಫ್ರಿಜ್ಜಿನ ಬಾಗಿಲು ಯಾರೂ ತೆಗೆಯಬೇಡಿ ಎಂದೆ. ಮುಚ್ಚಿಯೇ ಇದ್ದರೆ ಒಳಗೆ ಸುಮಾರು 4 ಗಂಟೆ ತಂಪು ಇರುತ್ತದೆ.

ಮಕ್ಕಳು ಎಷ್ಟು ತಿಂದರು ಎಂದು ನಾನು ದಿನಾ ಬರೆದಿಡುತ್ತೇನೆ. ಪೂರ್ತಿ, ಅರ್ಧ, ಮುಟ್ಟಿಲ್ಲ, ಅಷ್ಟೇ. ಏನು ಬಡಿಸಿದೆವು ಎಂದು ಬರೆಯುವುದು ಸುಲಭ. ಬಟ್ಟಲಲ್ಲಿ ಏನು ಉಳಿಯಿತು ಎಂಬುದೇ ಮುಂದಿನ ವಾರದ ಮೆನುವಿಗೆ ಬೇಕಾದದ್ದು. ಆವತ್ತು ಈ ಕೆಲಸವನ್ನು ಮೂರನೇ ಕ್ಲಾಸಿನ ಒಬ್ಬ ಅಣ್ಣ ವಹಿಸಿಕೊಂಡ. ಪೆನ್ಸಿಲ್ ಹಿಡಿದು ಬಟ್ಟಲು ಬಟ್ಟಲು ಬಗ್ಗಿ ನೋಡಿದ. ನನಗಿಂತ ಖಡಕ್! "ಆಂಟಿ, ಇವಳದ್ದು ಪೂರ್ತಿ ಅಂತ ಬರೀಬೇಡಿ. ಲಾಸ್ಟ್ ಎರಡು ಚಮಚ ಬೆಕ್ಕಿಗೆ ಹಾಕಿದ್ಲು."

ಅವನ ತಂಗಿಯ ಸಾಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಎಷ್ಟೋ ದಿನ "ಅರ್ಧ", "ಮುಟ್ಟಿಲ್ಲ" ಅಂತಲೇ ಇರುತ್ತದೆ. ಆವತ್ತು ನಿಜಕ್ಕೂ ಪೂರ್ತಿ. ಅಣ್ಣ ಪಕ್ಕದಲ್ಲಿ ಕೂತಿದ್ದಕ್ಕೋ, ಹುಳಿ ಇಲ್ಲದ್ದಕ್ಕೋ? ಹಿಂದಿನ ಪುಟ ತಿರುವಿದೆ. ಗಂಜಿ, ತೊವ್ವೆ ಇದ್ದ ದಿನವೆಲ್ಲ ಅವಳು ಪರವಾಗಿಲ್ಲ. ಬಸಳೆಯ ದಿನ ಮಾತ್ರ ಮುಷ್ಕರ. ಸಂಜೆ ಅವಳ ಅಮ್ಮ ರೇನ್‌ಕೋಟ್ ಬಿಚ್ಚುತ್ತಾ ಪುಸ್ತಕ ನೋಡಿ, "ಇವತ್ತು ತರಕಾರಿ ಕಮ್ಮಿ ಆಯ್ತಲ್ವಾ ಆಂಟಿ?" ಎಂದರು. ಕಮ್ಮಿಯೇ. ಆದರೆ ಬಡಿಸಿದ ಬಸಳೆ ಬೆಕ್ಕಿನ ಹೊಟ್ಟೆಗೆ ಹೋದರೆ ಯಾರಿಗೆ ಲಾಭ ಮಾರಾಯ್ರೆ? ಸೊಪ್ಪನ್ನು ಸಣ್ಣಗೆ ಹೆಚ್ಚಿ ತೊವ್ವೆಗೇ ಹಾಕಿ ನೋಡುವುದು ಎಂದು ಇಬ್ಬರೂ ಮಾತಾಡಿಕೊಂಡೆವು.

ತಪ್ಪಿದ ರಾಗಿಯನ್ನು ಗುರುವಾರಕ್ಕೆ ಹಾಕಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತ ಜಾಸ್ತಿ ಕ್ಯಾಲ್ಸಿಯಂ ಉಂಟು, ಸುಮ್ನೆ ಬಿಡುವುದು ಹೇಗೆ? ಆಗಸ್ಟ್ ಮೆನುವಿನಲ್ಲಿ "ಕರೆಂಟ್ ಇಲ್ಲದ ದಿನ" ಎಂದೇ ಒಂದು ಸಾಲು ಸೇರಿಸಿದ್ದೇನೆ. ಅದರಲ್ಲಿ ಅರೆಯುವ ಅಡುಗೆ ಒಂದೂ ಇಲ್ಲ.